ಟಕ್ ಮೇಷ್ಟ್ರ ಮಗಳು

ಟಕ್ ಮೇಷ್ಟ್ರಿಗೆ ಊರವರು ಆ ಹೆಸರನ್ನು ಪ್ರೀತಿಯಿಂದ ಇಟ್ಟರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರ ಬಲಗೈ ಬೆರಳಲ್ಲಿ ದಪ್ಪನೆಯ ಬೆಳ್ಳಿ ಉಂಗುರವಿತ್ತು. ಎದುರಿಗೆ ನಿಂತು ಹಾಡುವವರು ಎಲ್ಲಾದರೂ ಎಡವಿದರೆ ಆ ಉಂಗುರ ಮೇಜಿನ ಅಂಚಿಗೆ ‘ಟಕ್’ ಎಂದು ಬಡಿಯುತ್ತಿತ್ತು. ಹಾಡು ಅಲ್ಲಿಗೆ ನಿಲ್ಲಬೇಕು. ತಪ್ಪಿದ್ದು ಎಲ್ಲಿ, ಹೇಗೆ ಎಂದು ಅವರು ಬಾಯಿಬಿಡುತ್ತಿರಲಿಲ್ಲ. ಅದನ್ನು ಹಾಡುವವರೇ ಹುಡುಕಿಕೊಂಡು ಮತ್ತೆ ಶುರುಮಾಡಬೇಕು. ಮತ್ತೆ ಟಕ್. ಗಟ್ಟಿಮುಟ್ಟಾದ ಗಂಡಸರು ಆ ಮೇಜಿನ ಮುಂದೆ ನಿಂತು ಕಣ್ಣೊರೆಸಿಕೊಂಡದ್ದುಂಟು. ಸರಿಯಾಗಿ ಹಾಡಿದರೆ ಮೇಷ್ಟ್ರು ಶಹಬ್ಬಾಸ್ ಅನ್ನುತ್ತಿದ್ದರೇ ಎಂದು ಕೇಳಿದರೆ, ಅದೂ ಇಲ್ಲ. ಉಂಗುರ ಸುಮ್ಮನಿದ್ದರೆ ಪದ ದಾಟಿತು ಎಂದು ತಿಳಿದುಕೊಳ್ಳಬೇಕು, ಅಷ್ಟೆ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿರಲಿಲ್ಲ.

ಅವರು ಕಲಿಸುತ್ತಿದ್ದದ್ದು ಹಾಡನ್ನಲ್ಲ, ಹಾಡಿನೊಳಗಿನ ಇಟಾಲಿಯನ್ ಪದಗಳನ್ನು. ಊರಿನ ರಂಗಮಂದಿರದಲ್ಲಿ ವರ್ಷಕ್ಕೆ ಒಂದೆರಡು ಇಟಾಲಿಯನ್ ಹಾಡಿನ ನಾಟಕಗಳಾಗುತ್ತಿದ್ದವು. ಹಾಡುವವರಿಗೆ ಆ ಭಾಷೆ ಬಾರದು, ಕೇಳುವವರಿಗೂ ಬಾರದು. ಬರುತ್ತಿದ್ದದ್ದು ಮೇಷ್ಟ್ರಿಗೆ ಒಬ್ಬರಿಗೇ, ಅವರೂ ಆ ದೇಶವನ್ನು ಕಣ್ಣಾರೆ ಕಂಡವರಲ್ಲ. ಹುಡುಗನಾಗಿದ್ದಾಗ ರಂಗಮಂದಿರದಲ್ಲಿ ಪರದೆ ಎಳೆಯುವ ಕೆಲಸಕ್ಕಿದ್ದು, ಇಟಲಿಯಿಂದ ಅಲ್ಲಿಗೆ ಬಂದು ನೆಲೆಸಿದ್ದ ಒಬ್ಬ ಮುದಿ ಗಾಯಕನ ಕೈಯಲ್ಲಿ ಬೈಸಿಕೊಂಡು ಕಲಿತದ್ದು. ಆ ಮುದುಕನಿಂದ ಅವರು ಭಾಷೆಯನ್ನು ಎಷ್ಟು ಕಲಿತರೋ ಬೈಗುಳವನ್ನೂ ಅಷ್ಟೇ ಕಲಿತರು. ಉಂಗುರವೂ ಅವನದೇ.

ಪಾಠ ನಡೆಯುತ್ತಿದ್ದದ್ದು ಬಟ್ಟೆ ಹೊಲಿಯುವ ಅಂಗಡಿಯ ಮೇಲಿನ ಮನೆಯ ಮುಂದಿನ ಕೋಣೆಯಲ್ಲಿ. ಕೆಳಗಿನ ಹೊಲಿಗೆ ಯಂತ್ರಗಳು ಶುರುವಾದರೆ ನೆಲ ಸಣ್ಣಗೆ ನಡುಗುತ್ತಿತ್ತು. ನಡುವೆ ಮೇಜು, ಮೇಜಿನ ಹಿಂದೆ ಮೇಷ್ಟ್ರ ಕುರ್ಚಿ, ಗೋಡೆಗೆ ಒತ್ತಿಕೊಂಡು ಹಳೆಯ ಪಿಯಾನೋ. ಬಂದವರಿಗೆ ಮೊದಲ ಪಾಠ ಒಂದೇ. ಅಂಗೈಯನ್ನು ಗದ್ದದ ಕೆಳಗೆ ಇಟ್ಟುಕೊಳ್ಳಿ, ಪದ ಹೇಳಿ, ಗದ್ದ ಎಷ್ಟು ಸಲ ಅಂಗೈಗೆ ತಾಗುತ್ತದೋ ಅಷ್ಟು ತುಂಡು. ನೊತ್-ತೆ. ಫಿ-ನೆ-ಸ್ತ್ರ. “ನಮ್ಮ ಅಕ್ಷರ ಹುಟ್ಟುವಾಗಲೇ ತುಂಡಾಗಿ ಹುಟ್ಟಿರುತ್ತೆ. ಇದು ಹಾಗಲ್ಲ, ಕತ್ತಿ ನೀವೇ ಹಿಡೀಬೇಕು,” ಎನ್ನುತ್ತಿದ್ದರು. ತುಂಡು ಮಾಡಿದ ಮೇಲೆ ಭಾರ ಇಡುವುದು. ಹೆಚ್ಚಿನ ಪದಗಳಲ್ಲಿ ಭಾರ ಕೊನೆಯಿಂದ ಎರಡನೆಯ ತುಂಡಿನ ಮೇಲೆ ಬೀಳುತ್ತದೆ, ಅ-ಮೋ-ರೆ ಎಂಬಂತೆ. ಅವು ಸಾಧು ಪದಗಳು. ಕೊನೆಯ ತುಂಡಿನ ಮೇಲೇ ಬೀಳುವ ಚಿತ್-ತಾ ಥರದವು ಮೊಂಡು ಪದಗಳು. ಭಾರವೆಲ್ಲ ಕೊನೆಯಿಂದ ಮೂರನೆಯದಕ್ಕೆ ಹೋಗಿ ಉಳಿದೆರಡು ತುಂಡು ಕಾಲುಜಾರಿ ಬೀಳುವಂಥವು ಜಾರು ಪದಗಳು. ಮೇಷ್ಟ್ರಿಗೆ ಜಾರು ಪದಗಳೆಂದರೆ ವಿಶೇಷ ಅಕ್ಕರೆ, ಏಕೆಂದರೆ ಜನ ಬೀಳುತ್ತಿದ್ದದ್ದು ಅಲ್ಲೇ.

ಆ ಪಿಯಾನೋದ ಮುಂದೆ ಕೂತವಳೇ ಮೇಷ್ಟ್ರ ಮಗಳು. ಊರಿಗೆಲ್ಲ ಅವಳು ಪಿಯಾನೋ ಅಕ್ಕ. ಐವತ್ತು ದಾಟಿದವಳು, ಮದುವೆಯಾಗದವಳು, ಹರೆಯದಿಂದಲೂ ಅದೇ ಸ್ಟೂಲಿನ ಮೇಲೆ ಕೂತು ಕೂತು ಸ್ಟೂಲಿನ ಬಣ್ಣವೇ ಹೋಗಿತ್ತು. ಪಿಯಾನೋ ಗೋಡೆಗಿದ್ದುದರಿಂದ ಅಪ್ಪ ಅವಳ ಬೆನ್ನಿಗೆ. ಜೀವನವಿಡೀ ಅವಳು ಅಪ್ಪನನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಟಕ್ಕಿನಲ್ಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು: ಗಟ್ಟಿಯಾಗಿ ಒಂದೇ ಸಲ ಬಡಿದರೆ ಭಾರ ತಪ್ಪಿದೆ, ಬೇಗಬೇಗ ಬಡಿದರೆ ಸಿಟ್ಟು ನೆತ್ತಿಗೇರಿದೆ, ಮೆತ್ತಗೆ ಬಡಿದರೆ ಪದ ಇನ್ನೇನು ಸರಿಹೋಗುವುದರಲ್ಲಿದೆ. ತಿರುಗಿ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ.

ಅವಳೂ ಹಾಡುತ್ತಿದ್ದಳು ಒಂದು ಕಾಲಕ್ಕೆ. ಆ ಕಥೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಹತ್ತೊಂಬತ್ತರ ವಯಸ್ಸು. ಊರೂರು ತಿರುಗುವ ಒಂದು ಸಂಗೀತ ಮಂಡಳಿಯ ಯಜಮಾನ ಹೊಸ ಗಾಯಕಿಯರನ್ನು ಹುಡುಕುತ್ತ ಈ ಮನೆಗೇ ಬಂದಿದ್ದ. ಹುಡುಗಿ ಒಳಗಿನ ಕೋಣೆಯಲ್ಲಿ ಅತ್ತೆಯ ಕೈಯಲ್ಲಿ ತಲೆ ಬಾಚಿಸಿಕೊಂಡು ಹೊರಗೆ ಬಂದಳು. ಅತ್ತೆ ಎಂದರೆ ಮೇಷ್ಟ್ರ ತಂಗಿ. ತಾಯಿಯಿಲ್ಲದ ಮಗುವನ್ನು ಎತ್ತಿ ಆಡಿಸಿದವಳು ಅವಳೇ. ಯಾವ ಹಾಡು ಹಾಡಬೇಕೆಂದು ಅಪ್ಪನೇ ಆರಿಸಿದರು. ಅದು ಅವರೇ ಪಾಠಕ್ಕೆಂದು ಕಟ್ಟಿದ ಪುಟ್ಟ ಹಾಡು. ಸೂರಿನ ಕೆಳಗೆ ಗೂಡು ಕಟ್ಟುವ, ಸೀಳುಬಾಲದ ಒಂದು ಹಕ್ಕಿಯ ಮೇಲೆ. ಆ ಹಕ್ಕಿಗೆ ಇಟಾಲಿಯನ್ನಿನಲ್ಲಿ ರೊಂದಿನೆ. ರೊನ್-ದಿ-ನೆ. ಅಪ್ಪಟ ಜಾರು ಪದ. ಭಾರ ‘ರೊನ್’ ಮೇಲಿರಬೇಕು, ಆದರೆ ಹಾಡಿನ ಸ್ವರ ಏರುವುದು ‘ದಿ’ಯ ಮೇಲೆ. ಸ್ವರವನ್ನು ಮೇಲೆತ್ತಬೇಕು, ಭಾರವನ್ನು ಮಾತ್ರ ಹಿಂದೆಯೇ ಬಿಟ್ಟುಬರಬೇಕು. ಮೇಷ್ಟ್ರು ಬೇಕೆಂದೇ ತೋಡಿಟ್ಟ ಹಳ್ಳ ಅದು.

ಹುಡುಗಿ ಹಳ್ಳಕ್ಕೆ ಬಿದ್ದಳು. ಟಕ್. ಮತ್ತೆ ಹಾಡಿದಳು. ಟಕ್. ಯಜಮಾನ ಮೊದಲು ನಕ್ಕ, ಆಮೇಲೆ ಕಾಲು ಬದಲಿಸಿ ಕೂತ, ಆಮೇಲೆ ಕಿಟಕಿಯ ಕಡೆ ನೋಡಿದ. “ಪರವಾಗಿಲ್ಲ ಬಿಡಿ ಮೇಷ್ಟ್ರೇ, ಮುಂದಕ್ಕೆ ಹಾಡ್ಲಿ,” ಎಂದ. ಮೇಷ್ಟ್ರು ಬಿಡಲಿಲ್ಲ. ಕೊನೆಗೆ ಅವಳ ಸ್ವರವೂ ತಪ್ಪತೊಡಗಿತು. ಆಗ ಉಂಗುರವನ್ನು ತಿರುಗಿಸಿಕೊಳ್ಳುತ್ತ ಹೇಳಿದರು: “ಇವಳು ಪಿಯಾನೋ ನುಡಿಸ್ತಾಳೆ ಸ್ವಾಮಿ. ಹಾಡೋಕೆ ಬೇರೆಯವರಿದ್ದಾರೆ, ಕರೀತೀನಿ.”

ಮೆಟ್ಟಿಲಿಳಿಯುವಾಗ ಯಜಮಾನ ಅತ್ತೆಯ ಹತ್ತಿರ, “ಗಂಟಲು ಚೆನ್ನಾಗಿತ್ತಮ್ಮ,” ಎಂದನಂತೆ. ಅತ್ತೆ ಅದನ್ನು ಸೊಸೆಗೆ ಹೇಳಿದಳು. ಹೇಳದಿದ್ದರೇ ಒಳ್ಳೆಯದಿತ್ತೋ ಏನೋ. ಇನ್ನೂ ಒಂದು ವಿಷಯವನ್ನು ಅತ್ತೆ ಹೇಳಲಿಲ್ಲ, ಹುಡುಗಿಗೇ ಗೊತ್ತಿತ್ತು: ಪಾಠಕ್ಕೆ ಪಿಯಾನೋ ನುಡಿಸುತ್ತಿದ್ದವನು ಮೇಷ್ಟ್ರ ಬಾಯಿ ತಾಳಲಾರದೆ ಅದೇ ತಿಂಗಳು ಕೆಲಸ ಬಿಟ್ಟು ಹೋಗಿದ್ದ. ಅಪ್ಪ ಟಕ್ ಎಂದದ್ದು ಪದ ತಪ್ಪಿದ್ದಕ್ಕೋ, ಸ್ಟೂಲು ಖಾಲಿ ಇದ್ದುದಕ್ಕೋ? ಮೂವತ್ತು ಚಿಲ್ಲರೆ ವರ್ಷ ಅಕ್ಕ ಆ ಪ್ರಶ್ನೆಯ ಮೇಲೇ ಕೂತು ಪಿಯಾನೋ ನುಡಿಸಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಅಪ್ಪ ಸಾಯುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ಆ ಪದವನ್ನು ಹಾಡುವಾಗ ಉಂಗುರ ಸುಮ್ಮನಿರಬೇಕು. ಕೇಳುವ ಧೈರ್ಯವಿರಲಿಲ್ಲ, ಹಾಡುವ ಧೈರ್ಯವಂತೂ ಇರಲೇ ಇಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಮೇಷ್ಟ್ರು ಬಚ್ಚಲಿನ ಬಾಗಿಲಲ್ಲಿ ಕುಸಿದು ಬಿದ್ದರು. ಬಲಗೈ ಬಲಗಾಲು ಹೋದವು. ಮಾತೂ ಹೋಯಿತು. ಹೇಳಬೇಕೆಂದಿರುವುದೆಲ್ಲ ಕಣ್ಣಲ್ಲಿ ಕಾಣುತ್ತಿತ್ತು, ಬಾಯಿಗೆ ಮಾತ್ರ ‘ತಾ, ತಾ’ ಎಂಬುದೊಂದೇ ಬರುತ್ತಿತ್ತು. ಊರಿಗೆಲ್ಲ ಪದ ಕತ್ತರಿಸುವುದನ್ನು ಕಲಿಸಿದವರಿಗೆ ಉಳಿದದ್ದು ಒಂದು ತುಂಡು.

ಡಾಕ್ಟರು ಧೈರ್ಯ ಹೇಳಿದರು. “ಹಾಡಿನ ದಾರಿ ಬೇರೆ ಇರುತ್ತಮ್ಮ. ಮಾತಾಡೋಕೆ ಆಗದವರು ಎಷ್ಟೋ ಸಲ ಹಾಡ್ತಾರೆ. ಹಳೇ ಹಾಡಿನ ಪದಗಳನ್ನೇ ಹಿಡ್ಕೊಂಡು ದಿನಾ ಮಾತಾಡಿಸಿ. ಬೇಕಾದ್ದನ್ನ ಸುಲಭವಾಗಿ ಕೊಟ್ಟುಬಿಡಬೇಡಿ, ಅವರೇ ಪ್ರಯತ್ನ ಪಡಲಿ.”

ಸುಲಭವಾಗಿ ಕೊಟ್ಟುಬಿಡಬೇಡಿ. ಬೇರೆ ಯಾವ ಮಗಳ ಕಿವಿಗೆ ಬಿದ್ದಿದ್ದರೂ ಅದು ಬರಿ ಸಲಹೆ. ಅಕ್ಕನಿಗೆ ಅದು ಪರವಾನಗಿಯಂತೆ ಕೇಳಿಸಿತು.

ಮಾರನೆಯ ದಿನವೇ ಅವಳು ನೀರಿನ ಲೋಟ ಹಿಡಿದು ಕುರ್ಚಿಯ ಮುಂದೆ ಬಂದು ನಿಂತಳು. ಮೇಷ್ಟ್ರು ಎಡಗೈ ಚಾಚಿದರು. ಅವಳು ಲೋಟವನ್ನು ಹಿಂದಕ್ಕೆ ತೆಗೆದುಕೊಂಡಳು.

“ನೀರು ಬೇಕಾ ಅಪ್ಪಾ? ಹೇಳಿ. ಆಕ್ವ.”

“ತಾ,” ಎಂದರು ಮೇಷ್ಟ್ರು.

“ತಾ ಅಲ್ಲ. ಆಕ್-ಕ್ವ. ಎರಡು ತುಂಡು.” ಅವಳು ತನ್ನ ಅಂಗೈಯನ್ನು ಅವರ ಗದ್ದದ ಕೆಳಗೆ ಇಟ್ಟಳು. ಕ್ಷೌರ ಮಾಡದ ಗದ್ದ ಚುಚ್ಚುತ್ತಿತ್ತು, ಜೊಲ್ಲು ಅವಳ ಮಣಿಕಟ್ಟಿಗೆ ಇಳಿಯುತ್ತಿತ್ತು. ಸ್ವರ ಹಿಡಿದು ಹಾಡಿ ತೋರಿಸಿದಳು. ಮೇಷ್ಟ್ರು ತಡಕಾಡಿ ತಡಕಾಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಕೊನೆಗೂ ಹಾಡಿನಂತೆ ಎಳೆದರು: “ಅಕ್... ಕ್ವಾ.”

ಡಾಕ್ಟರು ಹೇಳಿದ್ದು ನಿಜವಾಗಿತ್ತು. ಮಾತು ಬಂದಿತ್ತು! ಯಾರಾದರೂ ಆಗಿದ್ದರೆ ಲೋಟವನ್ನು ಬಾಯಿಗೆ ಹಿಡಿದು ಅಪ್ಪನ ತಲೆ ಸವರುತ್ತಿದ್ದರು. ಅಕ್ಕ ಚಮಚದಿಂದ ಲೋಟಕ್ಕೆ ಟಕ್ ಎಂದು ಬಡಿದಳು.

“ಭಾರ ಕೊನೇಲಿ ಬಿತ್ತು. ಮತ್ತೆ.”

ಮೇಷ್ಟ್ರು ಅವಳನ್ನೇ ನೋಡಿದರು. ಆ ನೋಟದಲ್ಲಿ ಏನಿತ್ತೋ, ಅಕ್ಕನಿಗೆ ಒಳಗೊಳಗೇ ಹಿತವಾಯಿತು. ಹಿತವಾದದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಲೋಟ ಕೊಡುವಷ್ಟೇನಲ್ಲ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತು ನೋಡುತ್ತಿದ್ದಳು.

“ಏನೇ ಇದು? ಬಾಯಾರಿ ಕೂತಿರೋ ಮುದುಕನ ಹತ್ರ ಪಾಠ ಒಪ್ಪಿಸಿಕೊಳ್ತೀಯಲ್ಲೇ?”

“ಡಾಕ್ಟರು ಹೇಳಿದ್ದಾರೆ ಅತ್ತೆ. ಸುಲಭವಾಗಿ ಕೊಡಬಾರದಂತೆ.”

“ಡಾಕ್ಟರು ಹೇಳಿದ್ದು ಹೀಗೇನಾ?”

“ಅಪ್ಪ ಕಲಿಸಿದ್ದು ಹೀಗೇ.”

ಅಣ್ಣ ಆ ಮನೆಯಲ್ಲಿ ಯಾರ್ಯಾರನ್ನು ಹೇಗೆ ನಡೆಸಿಕೊಂಡಿದ್ದ ಎಂಬುದು ಅತ್ತೆಗೂ ಗೊತ್ತಿತ್ತು. ಅವತ್ತಿನಿಂದ ಸೊಸೆ ಬಟ್ಟೆ ಒಗೆಯಲು ಹೋದಾಗ ಅವಳೇ ಕದ್ದುಮುಚ್ಚಿ ಅಣ್ಣನಿಗೆ ನೀರು ಕುಡಿಸತೊಡಗಿದಳು.

ಪಾಠಗಳು ನಿಲ್ಲಲಿಲ್ಲ. ನಿಲ್ಲಿಸುವಂತೆಯೂ ಇರಲಿಲ್ಲ, ಮನೆ ನಡೆಯಬೇಕಲ್ಲ. ಅಕ್ಕನೇ ಪದ ಹೇಳಿಕೊಡುತ್ತಿದ್ದಳು, ಮೇಷ್ಟ್ರನ್ನು ಮೆತ್ತೆಗಳ ನಡುವೆ ಒತ್ತರಿಸಿ ಅದೇ ಕುರ್ಚಿಯಲ್ಲಿ ಕೂರಿಸಿರುತ್ತಿದ್ದಳು. ಒಂದು ದಿನ ಮೇಷ್ಟ್ರು ಎಡಗೈಯಿಂದ ಬಲಗೈಯ ಉಂಗುರವನ್ನು ಎಳೆಯತೊಡಗಿದರು. ಏನೆಂದು ಅವಳಿಗೆ ಗೊತ್ತಾಯಿತು, ಗೊತ್ತಾಗದವಳಂತೆ ವಾರಗಟ್ಟಲೆ ನಟಿಸಿದಳು. ಅವರು ಬಿಡಲಿಲ್ಲ, ಬೆರಳು ಕೆಂಪಾಗುವವರೆಗೂ ಎಳೆದರು. ಕೊನೆಗೆ ಸೋಪು ಹಚ್ಚಿ ಉಂಗುರ ಬಿಡಿಸಿ ಎಡಗೈಗೆ ಹಾಕಿದಳು. ಸೊರಗಿದ ಬೆರಳಿಗೆ ಅದು ಸಡಿಲವಾಗಿತ್ತು. ಮೇಷ್ಟ್ರು ತಕ್ಷಣ ಕುರ್ಚಿಯ ಮರದ ಕೈಗೆ ಬಡಿದು ನೋಡಿದರು. ಟಕ್. ಕಾಯಿಲೆ ಬಿದ್ದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಅವತ್ತೇ.

ಮೈ ಅರ್ಧ ಹೋಗಿದ್ದರೂ ಕಿವಿ ಚೂರೂ ಹೋಗಿರಲಿಲ್ಲ. ಹಾಡುವವರು ತಪ್ಪಿದ ಕಡೆ ಉಂಗುರ ಮೊದಲಿನಷ್ಟೇ ಕರಾರುವಾಕ್ಕಾಗಿ ಬಡಿಯುತ್ತಿತ್ತು. ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಬಿಟ್ಟುಹೋಗಿದ್ದವರೂ ವಾಪಸು ಬಂದರು. ಇನ್ನು ಅವರ ಸ್ವಂತ ಅಗತ್ಯಗಳಿಗೆ, ಅಂದರೆ ನೀರಿಗೆ, ಬಚ್ಚಲಿಗೆ, ಮೆತ್ತೆ ಜಾರಿದ್ದಕ್ಕೆ, ಅತ್ತೆ ಎಲ್ಲಿಂದಲೋ ಒಂದು ಹಿತ್ತಾಳೆಯ ಕೈಗಂಟೆ ತಂದು ಮೇಜಿನ ಮೇಲೆ ಇಟ್ಟಿದ್ದಳು. “ಉಂಗುರ ಪಾಠಕ್ಕೆ, ಗಂಟೆ ನಿನಗೆ. ತಿಳೀತಾ ಅಣ್ಣ?” ಎಂದು ಮಗುವಿಗೆ ಹೇಳುವಂತೆ ಹೇಳಿಕೊಟ್ಟಿದ್ದಳು. ಅವರಿಗೆ ತಿಳಿದಿತ್ತು. ಎರಡನ್ನೂ ಅವರು ಒಂದು ದಿನವೂ ಅದಲುಬದಲು ಮಾಡಲಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ನಡುವೆ ಔಷಧಿ ಅಂಗಡಿಯವರು ಬಂದರು. ಅವರು ಮೇಷ್ಟ್ರಿಗೆ ಮಾತ್ರೆ ತಂದುಕೊಡುತ್ತಿದ್ದವರು. ದಪ್ಪ ದನಿ, ಅದಕ್ಕಿಂತ ದಪ್ಪ ಹೊಟ್ಟೆ. ರಂಗಮಂದಿರದ ಮೇಳದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಗುಂಯ್‌ಗುಡುವ ಹುಚ್ಚು. ಪಾಠಕ್ಕೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ.

“ಅಕ್ಕಾ, ಅದೇನೋ ಹಕ್ಕಿ ಹಾಡಿದೆಯಂತಲ್ಲ, ಭಾರೀ ಕಷ್ಟದ್ದು? ನೋಡೇಬಿಡೋಣ ಇವತ್ತು.”

ಅಕ್ಕ ಪಿಯಾನೋದ ಕಡೆ ತಿರುಗಿದಳು. ಔಷಧಿ ಅಂಗಡಿಯವರು ಗಂಟಲು ಸರಿಮಾಡಿಕೊಂಡು, ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಶುರುಮಾಡಿದರು. ಹಳ್ಳ ಹತ್ತಿರ ಬಂತು. ಅವರಿಗೆ ಹಳ್ಳವಿದೆಯೆಂದೇ ಗೊತ್ತಿರಲಿಲ್ಲ. ‘ರೊನ್’ ಮೇಲೆ ಹೊಟ್ಟೆಯ ಭಾರವನ್ನೆಲ್ಲ ಹಾಕಿ, ‘ದಿ’ಗೆ ಉಸಿರು ಸಾಲದೆ ಅದನ್ನು ಹೇಗೋ ಮುಟ್ಟಿ ಮುಂದೆ ಹೋಗಿಬಿಟ್ಟರು. ಅಕ್ಕ ಕಾದಳು. ಉಂಗುರ ಸದ್ದು ಮಾಡಲಿಲ್ಲ.

ಅವಳು ನುಡಿಸುವುದನ್ನು ನಿಲ್ಲಿಸಿ ತಿರುಗಿ ನೋಡಿದಳು. ಮೇಷ್ಟ್ರು ಕಣ್ಣು ಅರೆಮುಚ್ಚಿ ನೆಮ್ಮದಿಯಾಗಿ ಕೂತಿದ್ದರು.

“ಯಾಕಕ್ಕಾ, ತಪ್ಪಾಯ್ತಾ?”

“ಇಲ್ಲ,” ಎಂದಳು ಅಕ್ಕ. “ದಾಟಿತು.”

ಮಾತ್ರೆ ಮಾರುವವನ ಬಾಯಲ್ಲಿ ಮೊದಲ ಸಲಕ್ಕೇ ದಾಟಿದ ಪದ ಅವಳ ಇಡೀ ಬಾಳನ್ನು ನುಂಗಿತ್ತು. ಅದೇ ಹೊತ್ತಿಗೆ ಮೇಷ್ಟ್ರು ಗಂಟೆ ಬಾರಿಸಿದರು. ಮೆತ್ತೆ ಜಾರಿತ್ತು. ಸರಿಮಾಡಿದಳು. ಮತ್ತೆ ಬಾರಿಸಿದರು. ನೀರು. ಮತ್ತೊಂದು ಸಲ ಬಾರಿಸಿದಾಗ ಏನು ಬೇಕೆಂದು ಅವಳು ಕೇಳಲಿಲ್ಲ. ಗಂಟೆಯನ್ನು ಮೇಜಿನಿಂದ ಎತ್ತಿ, ಅವರ ಕಣ್ಣೆದುರೇ ಗೋಡೆಯ ಮೇಲಿನ ಹಲಗೆಯ ಮೇಲೆ ಇಟ್ಟಳು.

“ಪಾಠ ಮುಗಿಯೋವರೆಗೂ ಸ್ವಲ್ಪ ಸುಮ್ನಿರಿ ಅಪ್ಪಾ.”

ಪಾಠ ಮುಗಿಯಿತು. ಔಷಧಿ ಅಂಗಡಿಯವರು ಹೆಮ್ಮೆಯಿಂದ ಶಿಳ್ಳೆ ಹಾಕುತ್ತ ಮೆಟ್ಟಿಲಿಳಿದರು. ಅತ್ತೆ ಕನ್ನಡಕದ ಕಾಲು ಮುರಿದಿತ್ತೆಂದು ಸರಿಮಾಡಿಸಲು ಅವರ ಜೊತೆಯಲ್ಲೇ ಹೊರಟಳು. “ಗಂಟೆ ಹತ್ರಾನೇ ಇದೆ ತಾನೇ?” ಎಂದು ಬಾಗಿಲಲ್ಲಿ ನಿಂತು ಕೇಳಿದಳು. ಮುರಿದ ಕನ್ನಡಕ ಕೈಯಲ್ಲಿತ್ತು, ಕೋಣೆಯೊಳಗಿನದು ಅವಳಿಗೆ ಕಾಣುತ್ತಿರಲಿಲ್ಲ.

“ಇದೆ ಹೋಗಿ ಅತ್ತೆ,” ಎಂದಳು ಅಕ್ಕ.

ಕೆಳಗೆ ಹೊಲಿಗೆ ಯಂತ್ರಗಳು ಊಟದ ಹೊತ್ತಿಗೆ ನಿಂತಿದ್ದವು. ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಅಕ್ಕ ಕಿಟಕಿ ಮುಚ್ಚಿದಳು. ಸ್ಟೂಲಿನ ಮೇಲೆ ಕೂತಳು. ಅಪ್ಪನಿಗೆ ಬೆನ್ನು ಹಾಕಿಕೊಂಡೇ ಹೇಳಿದಳು.

“ಅಪ್ಪಾ, ನಾನೂ ಹಾಡ್ತೀನಿ. ಕೇಳಿಸ್ಕೊಳ್ಳಿ.”

ಮೂವತ್ತು ಚಿಲ್ಲರೆ ವರ್ಷ ಮುಚ್ಚಿಟ್ಟ ಗಂಟಲು. ಮೊದಲ ಸಾಲು ತುಕ್ಕು ಹಿಡಿದಂತೆ ಬಂತು, ಎರಡನೆಯದಕ್ಕೆ ಸ್ವಲ್ಪ ಬಿಸಿಯೇರಿತು. ಹಳ್ಳದ ಹತ್ತಿರ ಬಂದಳು. ರೊಂದಿನೆ.

ಟಕ್.

ಬೆರಳುಗಳು ಅಲ್ಲೇ ನಿಂತವು. ಆ ಮಾತ್ರೆಯವನಿಗಿಲ್ಲದ ಟಕ್ ನನಗೆ! ಅವಳಿಗೆ ಅಳು ಬರಲಿಲ್ಲ, ರೋಷ ಬಂತು. ಹತ್ತೊಂಬತ್ತರ ಹುಡುಗಿಯಲ್ಲ ಈಗ. ಮತ್ತೆ ಮೊದಲಿನಿಂದ ಹಿಡಿದಳು.

ಟಕ್. ಟಕ್.

“ಆಯ್ತು. ಮತ್ತೆ ಹಾಡ್ತೀನಿ. ಎಷ್ಟು ಸಲ ಬಡೀತೀರೋ ಬಡೀರಿ,” ಎಂದಳು. ಅವಳು ಆ ಪದವನ್ನು ಹಾಡಿದಳು, ಉಂಗುರ ಬಡಿಯಿತು. ಹಾಡಿದಳು, ಬಡಿಯಿತು. ಕ್ರಮೇಣ ಟಕ್ಕುಗಳು ಬೇಗಬೇಗ ಬೀಳತೊಡಗಿದವು. ಪದ ಬರುವುದಕ್ಕೆ ಮೊದಲೇ ಬಿದ್ದವು, ಒಂದರ ಮೇಲೊಂದು ಬಿದ್ದವು. ಸಿಟ್ಟು ನೆತ್ತಿಗೇರಿದೆ ಎಂದುಕೊಂಡಳು. ಏರಲಿ. ತನ್ನ ಸಿಟ್ಟೂ ಕಡಿಮೆಯದೇನಲ್ಲ. ಹಿಂದಿನಿಂದ “ತಾ, ತಾ” ಎಂದು ಗೊಗ್ಗರು ದನಿ ಕೇಳಿಸಿತು. ಅವಳು ಪಿಯಾನೋವನ್ನು ಇನ್ನೂ ಜೋರಾಗಿ ನುಡಿಸಿದಳು.

ಆಮೇಲೆ ಒಂದು ಸಲ, ರೋಷದಲ್ಲೇ, ಯಾವುದೋ ಎಳೆ ಕೈಗೆ ಸಿಕ್ಕಂತಾಯಿತು. ‘ದಿ’ಯನ್ನು ಹತ್ತಬಾರದು, ಅದರ ಮೇಲೆ ಸುಮ್ಮನೆ ಕೈಯಾಡಿಸಬೇಕು. ಭಾರವನ್ನೆಲ್ಲ ‘ರೊನ್’ಗೆ ಕೊಟ್ಟು ಸ್ವರವನ್ನು ಮಾತ್ರ ಮೇಲಕ್ಕೆ ಬಿಟ್ಟಳು. ಟಕ್ ಬಂತು, ಆದರೆ ಮೆತ್ತಗೆ.

ಮೆತ್ತಗಿನ ಟಕ್ಕಿನ ಅರ್ಥ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಹತ್ತಿರ ಬಂದಿದ್ದೇನೆ, ಇನ್ನೊಂದು ಕೂದಲೆಳೆಯಷ್ಟು ಬಾಕಿ. ಮತ್ತೆ ಹಾಡಿದಳು. ಇನ್ನೂ ಮೆತ್ತಗೆ, ಕೇಳಿಸಿತೋ ಇಲ್ಲವೋ ಎಂಬಷ್ಟು. ಉಸಿರು ತುಂಬಿಕೊಂಡು ಮತ್ತೊಮ್ಮೆ ಹಾಡಿದಳು. ರೊಂದಿನೆ.

ಉಂಗುರ ಸುಮ್ಮನಿತ್ತು.

ಅವಳು ನಿಲ್ಲಿಸಲಿಲ್ಲ. ಆ ಪದದಾಚೆಗಿನ ಸಾಲುಗಳನ್ನು ಅಪ್ಪನ ಮುಂದೆ ಅವಳು ಎಂದೂ ಹಾಡಿರಲಿಲ್ಲ, ಅಲ್ಲಿಗೆ ಅವಳನ್ನು ಬಿಟ್ಟಿರಲೇ ಇಲ್ಲ. ಈಗ ಒಂದೊಂದೇ ಸಾಲನ್ನು ಅವಸರವಿಲ್ಲದೆ, ಗಂಟಲು ಬಿಚ್ಚಿ ಹಾಡಿದಳು. ಕೆನ್ನೆಯ ಮೇಲೆ ಧಾರಾಕಾರ ನೀರು ಹರಿಯುತ್ತಿತ್ತು. ಅಷ್ಟು ಸಂತೋಷ ಅವಳಿಗೆ ಹುಟ್ಟಿದ ಮೇಲೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಕೊನೆಯ ಸ್ವರ ಆರುವವರೆಗೂ ಬೆರಳನ್ನು ಕೀಲಿಮಣೆಯ ಮೇಲೆ ಒತ್ತಿ ಹಿಡಿದಿದ್ದಳು. ಎಲ್ಲ ಅಪಮಾನವನ್ನೂ ಅಪ್ಪನಿಗೆ ಮಾಫಿ ಮಾಡಿ, ಬಾಯಿ ತುಂಬ ನಗುತ್ತ ಹಿಂದಕ್ಕೆ ತಿರುಗಿದಳು.

ಮೇಷ್ಟ್ರು ಕುರ್ಚಿಯಲ್ಲಿ ಒಂದು ಕಡೆ ವಾಲಿದ್ದರು. ಬಾಯಿಂದ ಬಂದ ವಾಂತಿ ಎದೆಯ ಮೇಲೆಲ್ಲ ಚೆಲ್ಲಿತ್ತು. ಎಡಗೈ ಕುರ್ಚಿಯಾಚೆ ಜೋತುಬಿದ್ದಿತ್ತು, ಉಂಗುರ ಬೆರಳಿಂದ ಜಾರಿ ನೆಲದ ಮೇಲಿತ್ತು. ಕಣ್ಣುಗಳು ತೆರೆದೇ ಇದ್ದವು. ಅವು ಪಿಯಾನೋದ ಕಡೆ ನೋಡುತ್ತಿರಲಿಲ್ಲ. ಹಲಗೆಯ ಮೇಲಿನ ಗಂಟೆಯನ್ನು ನೋಡುತ್ತಿದ್ದವು.

ಅವಳ ಮುಖದ ನಗು ತಕ್ಷಣ ಹೋಗಲಿಲ್ಲ. ನಗಲು ಗೊತ್ತಿಲ್ಲದವರ ಮುಖದಲ್ಲಿ ನಗು ಬಂದರೆ ಬೇಗ ಹೋಗುವುದಿಲ್ಲ.

ಡಾಕ್ಟರು ಬಂದು ನಾಡಿ ಹಿಡಿದು ಕೈಬಿಟ್ಟರು. ಎರಡನೆಯ ಹೊಡೆತ ಎಂದರು. ವಾಂತಿ ಉಸಿರಿಗೆ ಅಡ್ಡಬಿದ್ದಿದೆ, ಪಕ್ಕಕ್ಕೆ ಹೊರಳಿಸಿದ್ದರೆ ಆಸ್ಪತ್ರೆಯವರೆಗಾದರೂ ಉಳಿಯುತ್ತಿದ್ದರೇನೋ ಎಂದರು. “ಕರೀಲೇ ಇಲ್ವಾ ಅಮ್ಮ ಅವರು? ಏನೂ ಸದ್ದು ಮಾಡಲಿಲ್ವಾ?”

“ಇಲ್ಲ,” ಎಂದಳು ಅಕ್ಕ.

ಆ ಹೊತ್ತಿಗೆ ಅತ್ತೆ ಸರಿಮಾಡಿಸಿದ ಕನ್ನಡಕ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅಣ್ಣನನ್ನು ನೋಡಿದಳು, ನೆಲದ ಮೇಲಿನ ಉಂಗುರವನ್ನು ನೋಡಿದಳು. ಕುರ್ಚಿಯ ಕೈಯನ್ನು ಬೆರಳಾಡಿಸಿ ನೋಡಿದಳು. ಹೊಳಪು ಹಾರಿ, ಮರದಲ್ಲಿ ಹೊಸ ಗಾಯಗಳಾಗಿದ್ದವು. ಆಮೇಲೆ ತಲೆಯೆತ್ತಿ ಹಲಗೆಯ ಕಡೆ ನೋಡಿದಳು. ಅದಾದ ಮೇಲೇ ಜೋರಾಗಿ ಅತ್ತಳು.

ಸುದ್ದಿ ಕೇಳಿ ಶಿಷ್ಯರೆಲ್ಲ ಬಂದರು. ಔಷಧಿ ಅಂಗಡಿಯವರು ಗೊಳೋ ಎಂದು ಅತ್ತು, ಮೂಗು ಒರೆಸಿಕೊಂಡು ಕೇಳಿದರು: “ಕೊನೇ ಗಳಿಗೇಲಿ ಏನು ಮಾಡ್ತಿದ್ರಕ್ಕಾ?”

“ನಾನು ಹಾಡ್ತಿದ್ದೆ. ಹಕ್ಕಿ ಹಾಡು. ಕೇಳ್ತಾ ಕೇಳ್ತಾ ಹೋದ್ರು.” ಸ್ವಲ್ಪ ತಡೆದು ಸೇರಿಸಿದಳು: “ಒಂದು ಸಲಾನೂ ಟಕ್ ಅನ್ನಲಿಲ್ಲ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟಕ್ ಮೇಷ್ಟ್ರು ಟಕ್ ಅನ್ನಲಿಲ್ಲ ಎಂದರೆ ಅಕ್ಕ ಅದೆಷ್ಟು ಚೆನ್ನಾಗಿ ಹಾಡಿರಬೇಕು! ಎಂಥ ಪುಣ್ಯದ ಸಾವು, ಎಂಥ ಮಗಳು! ಮಾತು ಬಾಯಿಂದ ಬಾಯಿಗೆ ಹೋಗಿ ರಂಗಮಂದಿರದವರೆಗೂ ಮುಟ್ಟಿತು. ಪಾಠಕ್ಕೆ ಬರುವವರು ಈಗ ಕೇಳಿಕೊಳ್ಳುತ್ತಾರೆ: “ಅಕ್ಕಾ, ಆ ಹಾಡು ಒಂದ್ಸಲ ಹಾಡಿ, ನಾವೂ ಕೇಳ್ತೀವಿ.” ಅವಳಿಗೂ ಆಸೆಯಿದೆ. ಗಂಟಲು ಇನ್ನೂ ಚೆನ್ನಾಗಿಯೇ ಇದೆ. ಪದ ಈಗ ಸರಾಗವಾಗಿ ದಾಟುತ್ತದೆ ಎಂದು ಅವಳಿಗೆ ಗೊತ್ತು.

ಅತ್ತೆಗೆ ಕಾಲು ಸರಿಯಿಲ್ಲ, ಒಳಗಿನ ಕೋಣೆಯಲ್ಲಿ ಮಲಗಿರುತ್ತಾಳೆ. ಹಿತ್ತಾಳೆಯ ಗಂಟೆ ಅವಳ ತಲೆದಿಂಬಿನ ಪಕ್ಕಕ್ಕೆ ಬಂದಿದೆ. ದಿನವಿಡೀ ಅದನ್ನು ಮುಟ್ಟುವುದಿಲ್ಲ. ಏನಾದರೂ ಬೇಕಾದರೆ ಅವಳೇ ಗೋಡೆ ಹಿಡಿದುಕೊಂಡು ಎದ್ದು ಹೋಗುತ್ತಾಳೆ. ಆದರೆ ಅಕ್ಕ ಸ್ಟೂಲಿನ ಮೇಲೆ ಕೂತು, ಬಂದವರಿಗೆ ಬೆನ್ನು ಹಾಕಿ, ಹಕ್ಕಿಯ ಹಾಡು ಶುರುಮಾಡಿ ಮೊದಲ ಸಾಲು ಮುಗಿಸಿ, ಎರಡನೆಯದು ಮುಗಿಸಿ, ‘ರೊನ್’ ಎಂದು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಗಂಟೆ ಬಾರಿಸುತ್ತದೆ.

ಅಕ್ಕ ಹಾಡನ್ನು ಅಲ್ಲೇ ಬಿಟ್ಟು ಎದ್ದು ಓಡುತ್ತಾಳೆ. ಓಡದೆ ಇರಲು ಅವಳಿಂದ ಆಗುವುದಿಲ್ಲ.

“ಏನತ್ತೆ? ಏನು ಬೇಕು?”

ಅತ್ತೆ ಕನ್ನಡಕದೊಳಗಿಂದ ಅವಳನ್ನು ನಿಧಾನವಾಗಿ ನೋಡುತ್ತಾಳೆ.

“ಏನೂ ಇಲ್ಲ ಕಣೇ. ನಿಂಗೆ ಕೇಳಿಸುತ್ತಾ ಅಂತ ನೋಡ್ದೆ.”